ಆಪರೇಷನ್ನಿಗೆ ಮುಂಚಿನ ಮೂರು ವಾರ

ಮರಿಯಪ್ಪನವರನ್ನು ಮಲಗಿಸಿದವರಲ್ಲಿ ನಾನೂ ಒಬ್ಬಳು. ಮೊದಲು ಅದನ್ನು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ನಿಮಗೆ ನನ್ನ ಸಿಟ್ಟು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು. ನನಗೆ ಸೀನಿಯರ್ ಹುದ್ದೆ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಯಾವ ಉಪಯೋಗವೂ ಇಲ್ಲ.

ನಾನು ಫಿಸಿಯೋಥೆರಪಿಸ್ಟ್. ಜಯನಗರಕ್ಕೂ ಜೆ.ಪಿ. ನಗರಕ್ಕೂ ನಡುವೆ ಇದ್ದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದ ಹತ್ತಿರ ಕೆಲಸ ಮಾಡಿದೆ. ಆಸ್ಪತ್ರೆಯ ಹೆಸರು ಬೇಡ. ನಾನು ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಆಗ ನಮ್ಮ ಕೆಲಸವೆಂದರೆ ಲಕ್ವ ಹೊಡೆದವರು, ಕಾಲು ಮುರಿದವರು, ಮಂಡಿ ನೋವಿನವರು, ಅಷ್ಟೇ. ಕ್ಯಾನ್ಸರ್ ವಾರ್ಡಿನಲ್ಲಿ ನಮ್ಮನ್ನು ಕೇಳುವವರಿರಲಿಲ್ಲ. ಆಪರೇಷನ್ ಆದ ಮೇಲೆ ಯಾರಿಗಾದರೂ ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡರೆ, ‘ಪದ್ಮಾ ಮೇಡಂನ ಕರೀರಿ, ಬೆನ್ನು ತಟ್ಟಲಿ’ ಎನ್ನುತ್ತಿದ್ದರು.

ಮರಿಯಪ್ಪ ತಲಘಟ್ಟಪುರದ ಗಾರೆ ಮೇಸ್ತ್ರಿ. ಅನ್ನನಾಳದಲ್ಲಿ ಗಡ್ಡೆ. ಗಟ್ಟಿ ಊಟ ಇಳಿಯುತ್ತಿರಲಿಲ್ಲ, ಗಂಜಿ, ಹಾಲು ಇಳಿಯುತ್ತಿತ್ತು. ಸೇರುವ ದಿನ ತಮ್ಮ ಹಾಸಿಗೆಯ ಗಂಟನ್ನು ತಾವೇ ಹೆಗಲ ಮೇಲಿಟ್ಟುಕೊಂಡು ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದಿದ್ದರು. ಪಕ್ಕದ ಮಂಚದಲ್ಲಿದ್ದ ಒಬ್ಬರ ಕಾಲಿಗೆ ವ್ಯಾಯಾಮ ಮಾಡಿಸಲು ನಾನು ದಿನಾ ಹೋಗುತ್ತಿದ್ದೆ. ಹೀಗಾಗಿ ಮಾತು ಬೆಳೆಯಿತು. ಜೆ.ಪಿ. ನಗರದ ಯಾವ ರಸ್ತೆಯಲ್ಲಿ ಯಾವ ಮನೆಗೆ ತಾವು ಗೋಡೆ ಎಬ್ಬಿಸಿದ್ದು ಎಂದು ಕಿಟಕಿಯಿಂದ ಕೈ ಮಾಡಿ ತೋರಿಸುತ್ತಿದ್ದರು.

ಒಂದು ದಿನ ಅವರು ಕೇಳಿದರು. “ಮೇಡಂ, ಸುಮ್ನೆ ಬಿದ್ಕೊಂಡು ನಂಗೆ ಅಭ್ಯಾಸ ಇಲ್ಲ. ಮೈಯೆಲ್ಲ ಜೋಮು ಹಿಡ್ದಂಗಾಗದೆ. ಒಂದ್ಸಲ ಕೆಳಕ್ಕೋಗಿ ಬರ್ಲಾ?”

ನಾನು ನಕ್ಕು ಹೇಳಿದೆ: “ಡಾಕ್ಟ್ರು ರೆಸ್ಟ್ ಅಂತ ಬರೆದಿದಾರಲ್ಲ ಮೇಸ್ತ್ರಿ. ಮಲ್ಕೊಳ್ಳಿ. ಶಕ್ತಿ ಉಳಿಸ್ಕೊಳ್ಳಿ.”

ಶಕ್ತಿ ಉಳಿಸಿಕೊಳ್ಳಿ! ಮೈಯ ಶಕ್ತಿ ಡಬ್ಬಿಯಲ್ಲಿ ಹಾಕಿಟ್ಟ ಸಕ್ಕರೆಯೇ, ಮುಚ್ಚಿಟ್ಟರೆ ಹಾಗೇ ಇರಲು? ಮಲಗಿದ ಮೈ ದಿನದಿನಕ್ಕೂ ಕರಗುತ್ತದೆ ಎಂದು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಆದರೂ ಕೇಸ್ ಶೀಟಿನಲ್ಲಿ ಡಾಕ್ಟರರ ಅಕ್ಷರ ನೋಡಿದ ಕೂಡಲೇ ಓದಿದ್ದೆಲ್ಲ ಮರೆತಿತ್ತು.

ಅವರ ಆಪರೇಷನ್ ಮೂರು ಸಲ ಮುಂದಕ್ಕೆ ಹೋಯಿತು. ಒಂದು ಸಲ ರಕ್ತ ಸಿಗಲಿಲ್ಲ. ಇನ್ನೊಂದು ಸಲ ಹಿಂದಿನ ಕೇಸು ಸಂಜೆವರೆಗೂ ಎಳೆಯಿತು. ಮೂರನೇ ಸಲ ಸರ್ಜನ್ ಊರಲ್ಲಿರಲಿಲ್ಲ, ಅದು ವಾರ್ಡಿಗೆ ಗೊತ್ತಾದದ್ದು ಮಧ್ಯಾಹ್ನ. ಪ್ರತಿ ಸಲವೂ ಹಿಂದಿನ ರಾತ್ರಿಯಿಂದ ಬಾಯಿಗೆ ನೀರೂ ಇಲ್ಲ. ಸಂಜೆ ನಾಲ್ಕಕ್ಕೆ ಸಿಸ್ಟರ್ ಬಂದು ‘ಇವತ್ತಿಲ್ಲ, ಗಂಜಿ ಕುಡೀರಿ’ ಅನ್ನುವುದು. ಅವರ ಹೆಂಡತಿ ಆರಿದ ಸಬ್ಬಕ್ಕಿ ಗಂಜಿಯ ಲೋಟ ಹಿಡಿದು ನಿಂತಿರುತ್ತಿದ್ದರು. ಕ್ಯಾನ್ಸರ್ ತಿಂದು ಬಿಟ್ಟದ್ದನ್ನು ನಾವು ತಿಂದೆವು. ಮೂರು ವಾರ ಕಳೆಯುವ ಹೊತ್ತಿಗೆ ಕಲ್ಲು ಹೊತ್ತ ಆ ಹೆಗಲು ಅಂಗಿಯ ಹ್ಯಾಂಗರಿನಂತಾಗಿತ್ತು.

ಕೊನೆಗೆ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಮೂರನೆಯ ದಿನ ನನ್ನನ್ನು ಬೆನ್ನು ತಟ್ಟಲು ಕರೆದರು. ಕೆಮ್ಮಿ ಎಂದರೆ ಕೆಮ್ಮಲು ಅವರ ಹೊಟ್ಟೆಯಲ್ಲಿ, ಪಕ್ಕೆಯಲ್ಲಿ ಕಸುವೇ ಇರಲಿಲ್ಲ. ಬೀಡಿ ಸೇದಿದ ಪುಪ್ಪುಸ ಬೇರೆ. ಕಫ ಗಂಟಲಿನಲ್ಲಿ ಗೊರಗುಡುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ನ್ಯುಮೋನಿಯಾ ಆಯಿತು. ಒಂಬತ್ತನೆಯ ದಿನ ತೀರಿಕೊಂಡರು.

ನಮ್ಮ ಚೀಫ್ ಸರ್ಜನ್ನನ್ನು ನಾವೆಲ್ಲ ದೊಡ್ಡ ಸಾರ್ ಎನ್ನುತ್ತಿದ್ದೆವು. ಕೈ ಚಳಕ ನಿಜಕ್ಕೂ ದೊಡ್ಡದು, ಸುಳ್ಳು ಹೇಳಲಾರೆ. ಅವರು ಮರಿಯಪ್ಪನ ಹೆಂಡತಿಗೆ ಹೇಳಿದರು: “ನೋಡಮ್ಮ, ಆಪರೇಷನ್ ಸಕ್ಸಸ್ ಆಗಿತ್ತು. ಅವರ ಬಾಡಿ ತಡ್ಕೊಳ್ಳಲಿಲ್ಲ.”

ಬಾಡಿ ತಡೆದುಕೊಳ್ಳಲಿಲ್ಲವಂತೆ. ತಡೆದುಕೊಳ್ಳುತ್ತಿದ್ದ ಮೈಯನ್ನು ತಡೆದುಕೊಳ್ಳದ ಹಾಗೆ ಮಾಡಿದ್ದು ಯಾರು? ಆ ಹೆಂಗಸು ನನ್ನ ಕಡೆ ತಿರುಗಿ, “ಚೆನ್ನಾಗಿ ನೋಡ್ಕೊಂಡ್ರಿ ಮೇಡಂ” ಎಂದು ಕೈ ಮುಗಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ವಾರ ಬಿಟ್ಟು ದೊಡ್ಡ ಸಾರ್ ರೂಮಿಗೆ ಹೋದೆ. ಆಪರೇಷನ್ನಿಗೆ ಕಾಯುವವರನ್ನು ನನಗೆ ಕೊಡಿ, ನಡೆಸುತ್ತೇನೆ, ಉಸಿರಿನ ವ್ಯಾಯಾಮ ಕಲಿಸುತ್ತೇನೆ, ಏನು ತಿನ್ನಬೇಕೆಂದು ಹೇಳುತ್ತೇನೆ ಎಂದೆ.

“ಪದ್ಮಾ, ನಿಮ್ಮ ಡ್ರಿಲ್ ಮುಗಿಯೋವರೆಗೂ ಕ್ಯಾನ್ಸರ್ ಕಾಯ್ಕೊಂಡು ಕೂತಿರುತ್ತಾ?”

“ನಾನು ಡೇಟ್ ಮುಂದಕ್ಕೆ ಹಾಕಿ ಅಂತಿಲ್ಲ ಸಾರ್. ಹೇಗೂ ನಾವೇ ಕಾಯಿಸ್ತಿದೀವಲ್ಲ. ಆ ದಿನಗಳನ್ನ ಕೊಡಿ ಅಂತಿದೀನಿ.”

ಅವರು ಫೋನ್ ಎತ್ತಿಕೊಂಡರು. ಮಾತು ಮುಗಿಯಿತು ಎಂದು ಅರ್ಥ.

ಹೇಳದೆ ಕೇಳದೆ ಶುರು ಮಾಡಿದೆ. ಉಸಿರು ಎಳೆದರೆ ಮೂರು ಚೆಂಡು ಮೇಲೇಳುವ ಪ್ಲಾಸ್ಟಿಕ್ ಡಬ್ಬಿ ಈಗ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಆಗ ನಮ್ಮಲ್ಲಿ ಅದಿರಲಿಲ್ಲ. ಖಾಲಿ ಗ್ಲೂಕೋಸ್ ಬಾಟಲಿಗೆ ಅರ್ಧ ನೀರು ತುಂಬಿ, ಡ್ರಿಪ್ಪಿನ ನಳಿಕೆ ಇಳಿಬಿಟ್ಟು, ಗುಳುಗುಳು ಎನ್ನುವ ಹಾಗೆ ನಿಧಾನವಾಗಿ ಊದಿಸುತ್ತಿದ್ದೆ. ನಡೆಯಲು ಕಾರಿಡಾರು. ಹತ್ತಲು ಹಿಂದಿನ ಮೆಟ್ಟಿಲು, ಏಕೆಂದರೆ ಮುಂದಿನ ಮೆಟ್ಟಿಲಲ್ಲಿ ದೊಡ್ಡ ಸಾರ್ ಓಡಾಡುತ್ತಿದ್ದರು.

ಹಾಗೆ ಪೂರ್ತಿ ಮೂರು ವಾರ ನನ್ನ ಕೈಗೆ ಸಿಕ್ಕ ಮೊದಲನೆಯವರು ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದ ಗಿರಿಜಮ್ಮ. ದೊಡ್ಡ ಕರುಳಿನ ಕ್ಯಾನ್ಸರ್. ಐವತ್ತೈದರ ಹೆಂಗಸು, ಸೀರೆ ಉಟ್ಟರೆ ಸೊಂಟದ ಮೇಲೆ ನಿಲ್ಲದಷ್ಟು ಸೊರಗಿದ್ದರು. ಆಪರೇಷನ್ನಿಗೆ ದಿನ ಕೊಟ್ಟು ಮನೆಗೆ ಕಳಿಸಿದ್ದರು. ದಿನ ಬಿಟ್ಟು ದಿನ ಬನ್ನಿ ಎಂದೆ, ಬಂದರು. ಏನು ತಿನ್ನುತ್ತೀರಿ ಎಂದರೆ, “ಬ್ರೆಡ್ಡು, ಎಳನೀರು, ಗ್ಲೂಕೋಸ್ ನೀರು” ಎಂದರು. ಕಾಯಿಲೆಯವರಿಗೆ ಕಾಳು ಜೀರ್ಣ ಆಗುವುದಿಲ್ಲ, ಮೊಟ್ಟೆ ಕೊಟ್ಟರೆ ಗಡ್ಡೆಯೇ ಬೆಳೆಯುತ್ತದೆ ಎಂದು ಬೀದಿಯವರೆಲ್ಲ ಹೇಳಿದ್ದರಂತೆ. ಹೇಳುವವರಿಗೇನು! ಅವರು ಮನೆಗೆ ಹೋಗಿ ಸೊಗಸಾಗಿ ಉಣ್ಣುತ್ತಾರೆ.

ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಬೇಳೆ ಗಟ್ಟಿಯಾಗಿ, ಸಂಜೆ ಹೆಸರುಕಾಳು ಬೇಯಿಸಿ ಮಸೆದು ಬೆಲ್ಲ ಹಾಕಿ, ಮಲಗುವ ಮುಂಚೆ ಹುರಿಗಡಲೆ ಹಿಟ್ಟು ಕದಡಿದ ಹಾಲು ಎಂದು ಬರೆದುಕೊಟ್ಟೆ. ಅವರು ಚೀಟಿ ಮಡಿಸಿ ಸೆರಗಿಗೆ ಕಟ್ಟಿಕೊಂಡು ಹೇಳಿದರು:

“ಶನಿವಾರ ಒಪ್ಪೊತ್ತು ಮೇಡಂ. ಸೋಮವಾರ ನೀರೂ ಮುಟ್ಟಕಿಲ್ಲ. ಹರಕೆ ಹೊತ್ಕಂಡಿದೀನಿ.”

“ಯಾತಕ್ಕೆ ಹರಕೆ?”

“ಆಪ್ರೇಸನ್ನು ಸುಸೂತ್ರ ಆಗ್ಲಿ ಅಂತ.”

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ದೇವರ ಮೇಲೆ ಕೋಪ ಮಾಡಿಕೊಂಡರೆ ಗಿರಿಜಮ್ಮ ಮತ್ತೆ ಬರುತ್ತಿರಲಿಲ್ಲ. “ನಿಮ್ಮ ಬದಲಿಗೆ ಮನೆಯವರು ಯಾರಾದ್ರೂ ಮಾಡಬಹುದಾ?” ಎಂದೆ.

“ಸೊಸೆ ಬಸ್ರಿ. ಮಗ ಟೆಂಪೋ ಓಡಿಸ್ತಾನೆ, ಹಸ್ಕಂಡು ಓಡ್ಸಕಾಯ್ತದಾ?”

“ಹಾಗಾದ್ರೆ ನಾನು ಮಾಡ್ತೀನಿ. ನೀವು ಉಣ್ಣಿ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮಧ್ಯದಲ್ಲಿ ಕಾಫಿ ಕುಡ್ಯಂಗಿಲ್ಲ ಮತ್ತೆ” ಎಂದರು.

ಮೂರು ಸೋಮವಾರ, ಮೂರು ಶನಿವಾರ. ಕಾಫಿ ಇಲ್ಲದೆ ನಾನು ವಾರ್ಡಿನಲ್ಲಿ ಯಾರ ಮೇಲೆಲ್ಲ ಹರಿಹಾಯ್ದೆನೋ! ಮನೆಯಲ್ಲಿ ಯಜಮಾನರು, “ಯಾರೋ ರೋಗಿಗೆ ನೀನ್ಯಾಕೆ ಉಪವಾಸ ಬೀಳ್ತೀಯ?” ಎಂದರು. ನನ್ನ ಬಳಿ ಉತ್ತರವಿತ್ತು, ಮರಿಯಪ್ಪ ಎಂದು.

ಎರಡನೆಯ ವಾರ ಗಿರಿಜಮ್ಮನ ಮಗ ಬಂದವನು ಹಿಂದಿನ ಮೆಟ್ಟಿಲಲ್ಲಿ ತಾಯಿ ಎರಡನೇ ಮಹಡಿಗೆ ಹತ್ತುತ್ತಿದ್ದುದನ್ನು ನೋಡಿದ. “ಏನ್ ಮೇಡಂ, ಮನುಷ್ಯತ್ವ ಇದ್ಯಾ ನಿಮಗೆ? ಸಾಯೋ ಕಾಯ್ಲೇಲಿರೋ ನಮ್ಮಮ್ಮನ್ನ ಮೆಟ್ಲು ಹತ್ತಿಸ್ತಿದೀರಾ?” ಎಂದು ಕೂಗಿದ. ನೇರ ದೊಡ್ಡ ಸಾರ್ ಹತ್ತಿರ ಹೋಗಿ ದೂರು ಕೊಟ್ಟ. ಅವರು ರೌಂಡ್ಸಿನಲ್ಲಿ, ರೋಗಿಗಳ ಮುಂದೆ, ವಿದ್ಯಾರ್ಥಿಗಳ ಮುಂದೆ ನನ್ನನ್ನು ನಿಲ್ಲಿಸಿಕೊಂಡು, “ಇದು ಆಸ್ಪತ್ರೆ, ಗರಡಿಮನೆ ಅಲ್ಲ” ಎಂದರು. ವಿದ್ಯಾರ್ಥಿಗಳು ನಕ್ಕರು. ಅವರಲ್ಲಿ ಕೆಲವರು ಈಗ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಮುಖ್ಯಸ್ಥರು.

ಮಗನಿಗೆ ಉತ್ತರ ಕೊಟ್ಟದ್ದು ಗಿರಿಜಮ್ಮನೇ. “ನೀನು ಸುಮ್ಕಿರೋ. ಮೊದಲನೇ ದಿನ ಎಂಟು ಮೆಟ್ಲಿಗೆ ಕೂತ್ಕಂಡಿದ್ದೆ. ಇವತ್ತು ಎರಡು ಮಾಳಿಗೆ ಹತ್ತಿದೀನಿ. ಸಾಯೋಳು ಹತ್ತಾಳೇನ್ಲಾ?”

ಆಪರೇಷನ್ ಆದ ಮಾರನೆಯ ದಿನ ಬೆಳಿಗ್ಗೆ ಅವರನ್ನು ಮಂಚದ ಅಂಚಿಗೆ ಕೂರಿಸಿದೆ. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು ತಾವೇ ಕೆಮ್ಮಿದರು. ಮೂರನೆಯ ದಿನ ಕಾರಿಡಾರಿನಲ್ಲಿ ನಡೆದರು. ದೊಡ್ಡ ಸಾರ್ ರೌಂಡ್ಸಿಗೆ ಬಂದು ನೋಡಿ, ವಿದ್ಯಾರ್ಥಿಗಳ ಕಡೆ ತಿರುಗಿ, “ನೋಡಿ, ಈ ಮಾರ್ಕೆಟ್ ಹೆಂಗಸರು ಎಷ್ಟು ಸ್ಟ್ರಾಂಗ್” ಎಂದರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಬಗ್ಗೆ ಅವರು ಒಂದು ಮಾತು, ಒಂದೇ ಒಂದು ಮಾತು ಆಡಬಹುದಿತ್ತು.

ಗಿರಿಜಮ್ಮ ಗೆದ್ದದ್ದು ನನ್ನ ತಲೆಗೇರಿತು. ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ.

ಶೇಷಾದ್ರಿಯವರು ಬ್ಯಾಂಕಿನಿಂದ ನಿವೃತ್ತರಾದವರು, ಜಯನಗರದಲ್ಲಿ ಸ್ವಂತ ಮನೆ. ಜಠರದ ಕ್ಯಾನ್ಸರ್. ಶಿಸ್ತೆಂದರೆ ಶಿಸ್ತು. ಮನೆ ಹತ್ತಿರದ ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ನಡೆಯಿರಿ ಎಂದರೆ ಡೈರಿಯಲ್ಲಿ ಬರೆದಿಟ್ಟು ತೋರಿಸುತ್ತಿದ್ದರು. ಮೊಟ್ಟೆ ಮುಟ್ಟದ ಮನೆ. ಅವರ ಹೆಂಡತಿ ಕಡಲೆಕಾಯಿ ಬೀಜ, ಮೊಸರು, ಪನ್ನೀರು ಎಂದು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿ ಕೊಡುತ್ತಿದ್ದರು. ಎರಡನೆಯ ವಾರ ಅವರು, “ಸ್ವಲ್ಪ ತಲೆ ತಿರುಗುತ್ತೆ ಮೇಡಂ” ಎಂದರು. “ಶುರುನಲ್ಲಿ ಹಾಗೇ ಸಾರ್. ಬಿಡಬೇಡಿ. ಆರು ಸುತ್ತು ಮಾಡಿ” ಎಂದೆ.

ಜಠರದ ಗಡ್ಡೆಯಿಂದ ಒಳಗೊಳಗೇ ರಕ್ತ ಸೋರುತ್ತಿತ್ತು. ಹಿಮೋಗ್ಲೋಬಿನ್ ಅರ್ಧಕ್ಕೆ ಇಳಿದಿತ್ತು. ಆ ರಿಪೋರ್ಟು ಸರ್ಜರಿ ವಿಭಾಗದ ಫೈಲಿನಲ್ಲಿತ್ತು. ಫಿಸಿಯೋಥೆರಪಿಯವರಿಗೆ ಆ ಫೈಲು ಕೊಡುವ ಪದ್ಧತಿಯಿರಲಿಲ್ಲ. ಇದು ಸಬೂಬು. ಕೇಳಿದ್ದರೆ ಸಿಗುತ್ತಿತ್ತು. ನಾನು ಕೇಳಲಿಲ್ಲ.

ಐದನೇ ಸುತ್ತಿನಲ್ಲಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಸಿದು ಬಿದ್ದರು. ಮಣಿಕಟ್ಟು ಮುರಿಯಿತು, ಹಣೆ ಒಡೆಯಿತು. ರಕ್ತ ಕೊಟ್ಟು, ಚೇತರಿಸಿಕೊಂಡು, ಆಪರೇಷನ್ ಆಗುವಾಗ ಒಂದು ತಿಂಗಳು ತಡವಾಗಿತ್ತು. ಒಂದೂವರೆ ವರ್ಷಕ್ಕೆ ಕಾಯಿಲೆ ಮರಳಿ ಬಂತು, ಹೋಗಿಬಿಟ್ಟರು. ಆ ಒಂದು ತಿಂಗಳಿಂದಲೇ ಹಾಗಾಯಿತೋ, ಇಲ್ಲದಿದ್ದರೂ ಆಗುತ್ತಿತ್ತೋ, ಹೇಳಬಲ್ಲವರು ಯಾರೂ ಇಲ್ಲ. ಅವರು ಬಿದ್ದ ದಿನ ಅವರ ಹೆಂಡತಿ ನನಗೆ ಹೇಳಿದ್ದು ಒಂದೇ ಮಾತು: “ನೀವು ಹೇಳಿದ್ರಿ ಅಂತ ನಡೆದ್ರು.”

ದೊಡ್ಡ ಸಾರ್ ಲಿಖಿತ ಆದೇಶ ಕೊಟ್ಟರು: ಆಪರೇಷನ್ನಿಗೆ ಮುಂಚೆ ಯಾವ ಕ್ಯಾನ್ಸರ್ ರೋಗಿಯನ್ನೂ ನಾನು ಮುಟ್ಟಕೂಡದು. ಆ ಸಲ ಅವರಿಗೆ ಎದುರಾಡಲಿಲ್ಲ. ಎಂಟು ತಿಂಗಳು ಮಂಡಿ ನೋವು, ಬೆನ್ನು ನೋವು ನೋಡಿಕೊಂಡು ಸುಮ್ಮನಿದ್ದೆ. ಆ ಎಂಟು ತಿಂಗಳಲ್ಲಿ ಬೆನ್ನು ತಟ್ಟಲು ಮಾತ್ರ ತಪ್ಪದೆ ಕರೆಯುತ್ತಿದ್ದರು.

ನನ್ನನ್ನು ಎಬ್ಬಿಸಿದ್ದು ಡಾಕ್ಟರ್ ನಸ್ರೀನ್. ಹೊಸದಾಗಿ ಸೇರಿದ್ದ ಅರಿವಳಿಕೆ ತಜ್ಞೆ, ನನಗಿಂತ ಹತ್ತು ವರ್ಷ ಚಿಕ್ಕವರು. ಒಂದು ಮಧ್ಯಾಹ್ನ ಟಿಫನ್ ಡಬ್ಬಿ ಹಿಡಿದು ನೇರ ನನ್ನ ರೂಮಿಗೆ ಬಂದು ಕೂತರು.

“ಮೇಡಂ, ನೀವು ಮುಂಚೆ ಪೇಶಂಟ್ಸ್‌ನ ನಡೆಸ್ತಿದ್ರಂತೆ. ಯಾಕೆ ನಿಲ್ಲಿಸಿದ್ರಿ?”

ಶೇಷಾದ್ರಿಯವರ ವಿಷಯ ಪೂರ್ತಿ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. “ತಪ್ಪು ನಿಮ್ಮದೇ” ಎಂದರು. ಆಮೇಲೆ, “ಆದ್ರೆ ಒಂದು ತಪ್ಪಾಯ್ತು ಅಂತ ಸರ್ಜನ್‌ಗಳು ಆಪರೇಷನ್ ನಿಲ್ಲಿಸ್ತಾರಾ? ಬ್ಲಡ್ ರಿಪೋರ್ಟು, ಇ.ಸಿ.ಜಿ. ನಾನು ನೋಡ್ತೀನಿ. ನಾನು ಸೈನ್ ಹಾಕಿದವರನ್ನ ಮಾತ್ರ ನೀವು ನಡೆಸಿ. ಟೇಬಲ್ ಮೇಲೆ ಅವರು ಮಲಗಿದಾಗ ಉಸಿರು ನನ್ನ ಕೈಯಲ್ಲಿರುತ್ತೆ. ನನಗೆ ಗಟ್ಟಿ ಉಸಿರಿನವರು ಬೇಕು” ಎಂದರು.

ಹದಿನೈದು ದಿನದಲ್ಲಿ ಅವರಿಗೂ ದೊಡ್ಡ ಸಾರ್‌ಗೂ ಜಗಳ ಆಯಿತು. ಪುಪ್ಪುಸದ ಗಡ್ಡೆಯ ಒಬ್ಬ ರೋಗಿಯನ್ನು ಮಾರನೆಯ ದಿನದ ಪಟ್ಟಿಗೆ ಹಾಕಿದ್ದರು. ಆ ರೋಗಿಯನ್ನು ನಸ್ರೀನ್ ಮೆಟ್ಟಿಲ ಬಳಿ ಕರೆದೊಯ್ದರು. ಒಂದು ಮಹಡಿ ಹತ್ತುವ ಮೊದಲೇ ಅವರು ಗೋಡೆ ಹಿಡಿದು ನಿಂತರು. ನಸ್ರೀನ್ ಬಂದು ದೊಡ್ಡ ಸಾರ್ ಮುಂದೆ ಹೇಳಿದರು:

“ಸಾರ್, ಇವರಿಗೆ ನಾಳೆ ನಾನು ಅನಸ್ತೇಶಿಯಾ ಕೊಡಲ್ಲ. ಪದ್ಮಾ ಮೇಡಂಗೆ ಎರಡು ವಾರ ಕೊಡಿ.”

“ಡೇಟ್ ಡಿಸೈಡ್ ಮಾಡೋದು ನಾನು.”

“ಹೌದು ಸಾರ್. ಅನಸ್ತೇಶಿಯಾ ಕೊಡೋದು ನಾನು.”

ನಾನು ಎಷ್ಟು ವರ್ಷ ಬೇಡಿಕೊಂಡೆ, ಎಷ್ಟು ಹಿಂದಿನ ಮೆಟ್ಟಿಲು ಹತ್ತಿಸಿದೆ! ಆ ಹುಡುಗಿ ಎರಡು ವಾಕ್ಯದಲ್ಲಿ ಮುಗಿಸಿದಳು, ಎರಡು ವಾರ ಸಿಕ್ಕಿತು. ಖುಷಿಯಾಗಬೇಕಿತ್ತು. ನನಗೆ ಮತ್ತೆ ಸಿಟ್ಟೇ ಬಂತು. ಆ ಆಸ್ಪತ್ರೆಯಲ್ಲಿ ಇಲ್ಲ ಎನ್ನಬಲ್ಲವರ ಮಾತು ಮಾತ್ರ ಕೇಳಿಸುತ್ತಿತ್ತು. ನನ್ನ ಕೈಯಲ್ಲಿ ಹೌದು ಮಾತ್ರ ಇತ್ತು.

ಅಲ್ಲಿಂದ ಕೆಲವು ವರ್ಷ ಕೆಲಸ ಚೆನ್ನಾಗಿ ನಡೆಯಿತು. ಆ ಹಳೆಯ ಆದೇಶ ಮೂಲೆಗೆ ಬಿತ್ತು, ಕೇಸ್ ಶೀಟಿನಲ್ಲಿ ನನ್ನದೊಂದು ಪುಟ ಬಂತು. ಆಪರೇಷನ್ ಮುಂದಕ್ಕೆ ಹೋದರೆ ಹತ್ತು ಗಂಟೆಯೊಳಗೆ ವಾರ್ಡಿಗೆ ತಿಳಿಸಿ ರೋಗಿಗೆ ಊಟ ಕೊಡಬೇಕು ಎಂದು ನಸ್ರೀನ್ ಸುತ್ತೋಲೆ ಹೊರಡಿಸಿದರು. ಬೆನ್ನು ತಟ್ಟಲು ನನ್ನನ್ನು ಕರೆಯುವುದು ಕಡಿಮೆಯಾಯಿತು. ಆಮೇಲೆ ನಸ್ರೀನ್ ಗಂಡನಿಗೆ ವರ್ಗವಾಗಿ ಹೈದರಾಬಾದಿಗೆ ಹೋದರು.

ಎರಡು ಸಾವಿರದ ದಶಕ ಅರ್ಧ ದಾಟುವ ಹೊತ್ತಿಗೆ ಈ ಕೆಲಸಕ್ಕೆ ಪ್ರೀಹ್ಯಾಬ್ ಎಂಬ ಇಂಗ್ಲಿಷ್ ಹೆಸರು ನಮ್ಮ ಆಸ್ಪತ್ರೆಗೂ ಬಂತು. ಕೆಳಗಿನ ಮಹಡಿಯಲ್ಲಿ ಗಾಜಿನ ಬಾಗಿಲಿನ ಕೋಣೆ, ಟ್ರೆಡ್‌ಮಿಲ್, ಸೈಕಲ್, ಪ್ರೋಟೀನ್ ಪುಡಿಯ ಡಬ್ಬಿಗಳು. ದೊಡ್ಡ ಸಾರ್ ರಿಬ್ಬನ್ ಕತ್ತರಿಸಿ, ಇದು ತಮ್ಮ ಬಹುದಿನದ ಕನಸು ಎಂದು ಭಾಷಣ ಮಾಡಿದರು. ಗರಡಿಮನೆ ಎಂದಿದ್ದ ಬಾಯಿ ಅದೇ. ಹೆಚ್ಚಿನ ದುಡ್ಡು ಕಟ್ಟಿ ಪ್ಯಾಕೇಜ್ ತೆಗೆದುಕೊಂಡ ರೋಗಿಗಳಿಗೆ ಮಾತ್ರ ಆ ಕೋಣೆ. ನನ್ನನ್ನು ಅಲ್ಲಿಗೇ ಹಾಕಿದರು. ಮೂರನೇ ಮಹಡಿಯ ಜನರಲ್ ವಾರ್ಡಿಗೆ ಬಿಡುವಾದಾಗ ಹೋಗಿ ಎಂದರು. ಬಿಡುವು ಆಗದ ಹಾಗೆ ಅಪಾಯಿಂಟ್‌ಮೆಂಟ್ ಬರೆಯುತ್ತಿದ್ದರು. ನಾನು ಊಟದ ಹೊತ್ತಿನಲ್ಲಿ ಹೋಗುತ್ತಿದ್ದೆ.

ಬಸವರಾಜ ಸಿಕ್ಕಿದ್ದು ನನ್ನ ನಿವೃತ್ತಿಗೆ ನಾಲ್ಕು ದಿನವಿದ್ದಾಗ. ಬಾಗಲಕೋಟೆ ಕಡೆಯವರು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ, ಯಾವುದೋ ಆಫೀಸಿನಲ್ಲಿ ಅಟೆಂಡರ್. ನಲವತ್ತೆರಡು ವಯಸ್ಸು. ಎಡ ಪುಪ್ಪುಸದ ಒಂದು ಭಾಗ ತೆಗೆಯಬೇಕಿತ್ತು. ಏಳು ದಿನದಿಂದ ಮಲಗಿದ್ದರು. ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು, ಕೈ ಕಾಲು ಗಟ್ಟಿ ಇದ್ದ ಮನುಷ್ಯನಿಗೆ!

“ನೀವ್ಯಾಕೆ ಓಡಾಡ್ತಿಲ್ಲ?” ಎಂದೆ.

“ನಾ ಅಡ್ಡಾಡ್ತೀನ್ರಿ ಮೇಡಮ್ಮರ. ಅಡ್ಡಾಡು ಅಂತ ಯಾರೂ ಹೇಳವಲ್ರು. ಮಕ್ಕೋ ಅಂತಾರ, ಮಕ್ಕೊಂಡೀನಿ.”

ಆ ದಿನ ಅವರ ರಿಪೋರ್ಟುಗಳನ್ನೆಲ್ಲ ಓದಿದೆ. ಹೊಸ ಅರಿವಳಿಕೆ ಡಾಕ್ಟರರ ಹಿಂದೆ ಬಿದ್ದು ಸಹಿ ಮಾಡಿಸಿದೆ. ನಾಲ್ಕು ದಿನ ನನ್ನ ಊಟ ಬಿಟ್ಟು ಅವರನ್ನು ನಡೆಸಿದೆ. ಕಡೆಯ ದಿನ ಕೆಳಗಿನ ಹಾಲಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹಾರ ಹಾಕಿ, ತಟ್ಟೆಯಲ್ಲಿ ಹಣ್ಣು ಕೊಟ್ಟು, ದೊಡ್ಡ ಸಾರ್ ನಾನು ಆಸ್ಪತ್ರೆಯ ಆಸ್ತಿ ಎಂದರು. ನನ್ನ ಸರದಿ ಬಂದಾಗ ಮೈಕಿನಲ್ಲಿ ಹೇಳಿದೆ: “ಮೂರನೇ ಮಹಡೀಲಿ ಬಸವರಾಜ ಅಂತ ಇದ್ದಾರೆ. ಆಪರೇಷನ್ನಿಗೆ ಇನ್ನೂ ಒಂಬತ್ತು ದಿನ ಇದೆ. ನಾಳೆಯಿಂದ ಅವರನ್ನ ಯಾರು ನಡೆಸ್ತಾರೆ?” ಆಡಳಿತಾಧಿಕಾರಿ ನಗುತ್ತ, “ಮೇಡಂಗೆ ಕೆಲಸ ಅಂದ್ರೆ ಅಷ್ಟು ಪ್ರೀತಿ” ಎಂದು ಮೈಕ್ ತೆಗೆದುಕೊಂಡರು. ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಬೆಳಿಗ್ಗೆ ಬನಶಂಕರಿಯಿಂದ ಅದೇ ಬಸ್ಸು ಹತ್ತಿ ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ನಿಲ್ಲಿಸಿದರು. ನಿನ್ನೆವರೆಗೆ ಸಲಾಮು ಹೊಡೆದವರು.

“ಮೇಡಂ, ಐ.ಡಿ. ವಾಪಸ್ ಕೊಟ್ಟಿದೀರಲ್ಲ. ವಿಸಿಟರ್ಸ್ ಟೈಮು ಸಾಯಂಕಾಲ ನಾಲ್ಕು ಗಂಟೆ.” ಪಾಪ, ಅವರ ತಪ್ಪೇನಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದರು.

ವಾಪಸ್ ಹೋಗಿ ಸಂಜೆ ಬಂದೆ. ವಿಸಿಟರ್ ಪಾಸು ತೆಗೆದುಕೊಂಡು ಒಂಬತ್ತು ದಿನ, ನಾಲ್ಕರಿಂದ ಆರರವರೆಗೆ ನಡೆಸಿದೆ. ಬೆಳಗಿನ ಪಾಳಿ ಅವರ ಹೆಂಡತಿಗೆ ಕಲಿಸಿದೆ. ಆ ಹೆಂಗಸು ಚಮಚ ಕೆಳಗಿಟ್ಟು ಗಂಡನ ತೋಳು ಹಿಡಿದು ನಡೆಸಿದ್ದು ನೋಡಬೇಕಿತ್ತು. ಮನೆಯಿಂದ ಶೇಂಗಾ ಚಟ್ನಿ, ಮೊಳಕೆ ಕಾಳಿನ ಪಲ್ಯ, ಮೊಸರು ತಂದು ಕೂಡಿಸಿ ಉಣ್ಣಿಸಿದರು. ಆಪರೇಷನ್ ಆಗಿ ಹನ್ನೆರಡನೆಯ ದಿನ ಬಸವರಾಜ ನಡೆದುಕೊಂಡೇ ಗೇಟು ದಾಟಿ ಆಟೋ ಹತ್ತಿದರು.

ನನ್ನ ಜಾಗಕ್ಕೆ ಹನ್ನೊಂದು ತಿಂಗಳು ಯಾರನ್ನೂ ತೆಗೆದುಕೊಳ್ಳಲಿಲ್ಲ. ಆ ಹನ್ನೊಂದು ತಿಂಗಳು ಮೂರನೇ ಮಹಡಿಯಲ್ಲಿ ಎಷ್ಟು ಜನ ಮಲಗಿದರು, ಅವರಲ್ಲಿ ಎಷ್ಟು ಜನ ಎದ್ದರು ಎಂದು ಒಮ್ಮೆ ಹೋಗಿ ಕೇಳಿದೆ. ಅಂಥ ಲೆಕ್ಕ ಇಟ್ಟಿಲ್ಲ ಎಂದರು.